ಎಸ್‌ಎಸ್‌ಎಲ್‌ಸಿ ನಂತರ ಎಲೆಕ್ಟ್ರಿಷಿಯನ್ ಆಗುವುದು ಹೇಗೆ? ಐಟಿಐ ತರಗತಿಯಿಂದ ಶೇಂದ್ರಾ ಕಾರ್ಖಾನೆವರೆಗೆ ಪೂರ್ಣ ಮಾಹಿತಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನವೇ ಸಾವಿರಾರು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮುಂದೇನು? ಪಿಯುಸಿ, ಡಿಪ್ಲೊಮಾ ಬಿಟ್ಟರೆ ನಂತರ ನೆನಪಾಗುವುದು ಐಟಿಐ. ಅದರಲ್ಲೂ ಅತಿ ಹೆಚ್ಚು ಬೇಡಿಕೆಯಿರುವ ಟ್ರೇಡ್‌ಗಳಲ್ಲಿ ಎಲೆಕ್ಟ್ರಿಷಿಯನ್ ಒಂದು. ಎರಡು ವರ್ಷದ ತರಬೇತಿ, ಒಂದು ವರ್ಷದ ಅಪ್ರೆಂಟಿಸ್‌ಶಿಪ್, ಆಮೇಲೆ ಕೆಲಸ. ಕೇಳಲು ಇಷ್ಟು ಸರಳ. ಆದರೆ ಯಾವ ಕಾಲೇಜು, ಯಾವ ಪ್ರಮಾಣಪತ್ರ, ಎಲ್ಲಿ ಕೆಲಸ ಎಂಬಲ್ಲಿ ಎಡವಿದರೆ ಈ ಮೂರು ವರ್ಷಗಳಿಗೆ ಬೆಲೆ ಇರುವುದಿಲ್ಲ.

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈಗ ಇನ್ನೊಂದು ಹೆಸರು ಹೆಚ್ಚಾಗಿ ಕಿವಿಗೆ ಬೀಳುತ್ತಿದೆ. ಅದು ಮಹಾರಾಷ್ಟ್ರದ ಶೇಂದ್ರಾ. ಅಲ್ಲಿ ಏನಿದೆ, ಅಲ್ಲಿಗೆ ಹೋಗಲು ಬೇಕಾದ ಅರ್ಹತೆ ಏನು, ಎಲೆಕ್ಟ್ರಿಷಿಯನ್ ತರಬೇತಿಯಲ್ಲಿ ಏನು ಕಲಿಸುತ್ತಾರೆ ಎಂಬ ವಿವರ ಇಲ್ಲಿದೆ.

ಶೇಂದ್ರಾ ಎಲ್ಲಿದೆ? ಅಲ್ಲೇನಿದೆ?

ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ನಗರಕ್ಕೆ 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಮರುನಾಮಕರಣವಾಯಿತು. ಈ ನಗರದ ಪೂರ್ವಕ್ಕೆ, ಜಾಲ್ನಾ ರಸ್ತೆಯಲ್ಲಿ ಶೇಂದ್ರಾ ಕೈಗಾರಿಕಾ ಪ್ರದೇಶವಿದೆ. ಜೆಕ್ ಗಣರಾಜ್ಯದ ಸ್ಕೋಡಾ ಕಂಪನಿ 2001ರಲ್ಲಿ ಭಾರತದಲ್ಲಿ ಮೊದಲು ಕಾರು ಜೋಡಿಸಲು ಆರಂಭಿಸಿದ್ದು ಇಲ್ಲಿಯೇ. ಆಕ್ಟೇವಿಯಾ ಕಾರು ಇಲ್ಲಿಂದ ಹೊರಬಂತು. ಮುಂದೆ ಆಡಿ ಕಾರುಗಳೂ ಇಲ್ಲಿ ಜೋಡಣೆಯಾದವು. ಪರ್ಕಿನ್ಸ್ ಎಂಜಿನ್ ಕಾರ್ಖಾನೆ, ಹ್ಯೋಸಂಗ್ ಸ್ಪ್ಯಾಂಡೆಕ್ಸ್ ನೂಲಿನ ಕಾರ್ಖಾನೆಗಳೂ ಇಲ್ಲಿವೆ.

ದೆಹಲಿ-ಮುಂಬೈ ಕೈಗಾರಿಕಾ ಕಾರಿಡಾರ್ ಯೋಜನೆಯಡಿ ಶೇಂದ್ರಾ ಮತ್ತು ಪೈಠಣ ರಸ್ತೆಯ ಬಿಡಕೀನ್ ಎರಡನ್ನೂ ಸೇರಿಸಿ 'ಆರಿಕ್' ಎಂಬ ಕೈಗಾರಿಕಾ ನಗರವನ್ನು ಕಟ್ಟಲಾಗುತ್ತಿದೆ. ಇದರ ಆಡಳಿತ ಕಟ್ಟಡವಾದ ಆರಿಕ್ ಹಾಲ್ ಅನ್ನು ಪ್ರಧಾನಿ ನರೇಂದ್ರ ಮೋದಿ 2019ರ ಸೆಪ್ಟೆಂಬರ್ 7ರಂದು ಉದ್ಘಾಟಿಸಿದ್ದರು.

ಕನ್ನಡಿಗರಿಗೆ ಪರಿಚಿತವಾದ ಎರಡು ಕಂಪನಿಗಳ ಹೆಸರೂ ಇಲ್ಲಿ ಸೇರಿಕೊಂಡಿದೆ. ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ ಮೋಟಾರ್, ಛತ್ರಪತಿ ಸಂಭಾಜಿನಗರದಲ್ಲಿ ಸುಮಾರು 20,000 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಕಾರ್ಖಾನೆ ಸ್ಥಾಪಿಸಲು 2024ರ ಜುಲೈ 31ರಂದು ಮಹಾರಾಷ್ಟ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರು ಮೂಲದ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಎನರ್ಜಿ ಕೂಡ ಅದೇ ವರ್ಷ ಬಿಡಕೀನ್‌ನಲ್ಲಿ ಕಾರ್ಖಾನೆ ಕಟ್ಟುವುದಾಗಿ ಪ್ರಕಟಿಸಿತು.

ಇದಕ್ಕೆ ಮತ್ತೊಂದು ಹಿನ್ನೆಲೆಯೂ ಇದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮತ್ತು ಮರಾಠವಾಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ತಾಲೂಕುಗಳ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಕೆಲಸಕ್ಕಾಗಿ ಆ ಕಡೆ ಹೋಗುವುದು ಇಲ್ಲಿನವರಿಗೆ ಹೊಸದಲ್ಲ.

ನಾಸಿಕ್‌ಗೂ ಇದಕ್ಕೂ ಏನು ಸಂಬಂಧ?

ಮುಂಬೈ-ನಾಗ್ಪುರ ನಡುವಿನ 701 ಕಿಲೋಮೀಟರ್ ಉದ್ದದ ಸಮೃದ್ಧಿ ಹೆದ್ದಾರಿ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳನ್ನು ಹಾದುಹೋಗುತ್ತದೆ. 2025ರ ಜೂನ್‌ನಲ್ಲಿ ಹೆದ್ದಾರಿಯ ಕೊನೆಯ ಹಂತವೂ ಸಂಚಾರಕ್ಕೆ ತೆರೆಯಿತು. ನಾಸಿಕ್‌ನ ಸಾತಪುರ, ಅಂಬಡ್ ಪ್ರದೇಶಗಳು ಸ್ವಿಚ್‌ಗೇರ್‌ನಂಥ ವಿದ್ಯುತ್ ಉಪಕರಣಗಳ ತಯಾರಿಕೆಗೆ ಹೆಸರಾಗಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಎಚ್‌ಎಎಲ್‌ನ ವಿಮಾನ ಕಾರ್ಖಾನೆ ನಾಸಿಕ್ ಬಳಿಯ ಓಝರ್‌ನಲ್ಲಿದ್ದು, ಎಲೆಕ್ಟ್ರಿಷಿಯನ್ ಸೇರಿದಂತೆ ವಿವಿಧ ಟ್ರೇಡ್‌ಗಳ ಐಟಿಐ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಹಾಗಾಗಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವರು ಅಪ್ರೆಂಟಿಸ್‌ಶಿಪ್ ಹುಡುಕುವಾಗ ಎರಡೂ ಜಿಲ್ಲೆಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು.

ಶೇಂದ್ರಾದಲ್ಲಿ ಕೆಲಸ ಬೇಕಾದರೆ ಅಲ್ಲೇ ಓದಬೇಕೇ?

ಅಗತ್ಯವಿಲ್ಲ. ಇದು ಅನೇಕರು ತಪ್ಪು ತಿಳಿದುಕೊಳ್ಳುವ ವಿಷಯ. ಐಟಿಐಗಳಲ್ಲಿ ನಡೆಯುವುದು ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ. 1950ರಲ್ಲಿ ಆರಂಭವಾದ ಈ ಯೋಜನೆಯನ್ನು ಈಗ ಕೌಶಲ್ಯಾಭಿವೃದ್ಧಿ ಸಚಿವಾಲಯದ ತರಬೇತಿ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ. ದೇಶದ 14 ಸಾವಿರಕ್ಕೂ ಹೆಚ್ಚು ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಒಂದೇ ಪಠ್ಯಕ್ರಮ, ಒಂದೇ ಅಖಿಲ ಭಾರತ ಟ್ರೇಡ್ ಪರೀಕ್ಷೆ. ಪಾಸಾದವರಿಗೆ ಸಿಗುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಬೀದರ್‌ನಲ್ಲಿ ಪಡೆದರೂ ಒಂದೇ, ಸಂಭಾಜಿನಗರದಲ್ಲಿ ಪಡೆದರೂ ಒಂದೇ.

ಪ್ರವೇಶ ಪ್ರಕ್ರಿಯೆ ಮಾತ್ರ ಆಯಾ ರಾಜ್ಯದ್ದು. ಮಹಾರಾಷ್ಟ್ರದಲ್ಲಿ ವೃತ್ತಿ ಶಿಕ್ಷಣ ಮತ್ತು ತರಬೇತಿ ನಿರ್ದೇಶನಾಲಯ ಆನ್‌ಲೈನ್ ಮೂಲಕ ಸೀಟು ಹಂಚುತ್ತದೆ. ಕರ್ನಾಟಕದಲ್ಲಿ ಈ ಕೆಲಸ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯದ್ದು. ಸರ್ಕಾರಿ ಸೀಟುಗಳಲ್ಲಿ ಆಯಾ ರಾಜ್ಯದವರಿಗೆ ಆದ್ಯತೆ ಇರುವುದರಿಂದ, ಕರ್ನಾಟಕದ ವಿದ್ಯಾರ್ಥಿಗಳು ಇಲ್ಲಿನ ಐಟಿಐನಲ್ಲೇ ಓದಿ ಅಪ್ರೆಂಟಿಸ್‌ಶಿಪ್‌ಗೆ ಹೊರ ರಾಜ್ಯಕ್ಕೆ ಅರ್ಜಿ ಹಾಕುವುದು ಸುಲಭದ ದಾರಿ. ಖರ್ಚೂ ಕಡಿಮೆ, ಮನೆಯೂ ಹತ್ತಿರ.

ಅರ್ಹತೆ ಏನು?

* ವಿದ್ಯಾರ್ಹತೆ: ಗಣಿತ, ವಿಜ್ಞಾನ ವಿಷಯಗಳೊಂದಿಗೆ 10ನೇ ತರಗತಿ ಪಾಸಾಗಿರಬೇಕು
* ವಯಸ್ಸು: ಕನಿಷ್ಠ 14 ವರ್ಷ
* ಅವಧಿ: 2 ವರ್ಷ
* ಒಂದು ಬ್ಯಾಚ್‌ಗೆ: 20 ವಿದ್ಯಾರ್ಥಿಗಳು
* ಯಾರು ಸೇರಬಹುದು: ಹುಡುಗರು, ಹುಡುಗಿಯರು ಇಬ್ಬರೂ

ವೈರ್‌ಮನ್ ಎಂಬ ಇನ್ನೊಂದು ಟ್ರೇಡ್ ಇದೆ. ಅದಕ್ಕೂ 2 ವರ್ಷ. ಆದರೆ 8ನೇ ತರಗತಿ ಪಾಸಾದವರೂ ಸೇರಬಹುದು. ವೈರ್‌ಮನ್ ತರಬೇತಿಯ ಒತ್ತು ಕಟ್ಟಡದ ವೈರಿಂಗ್ ಮೇಲೆ. ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ವೈರಿಂಗ್ ಜೊತೆಗೆ ಮೋಟಾರ್, ಟ್ರಾನ್ಸ್‌ಫಾರ್ಮರ್, ಕಂಟ್ರೋಲ್ ಪ್ಯಾನೆಲ್ ಎಲ್ಲವೂ ಸೇರುತ್ತವೆ. ಕಾರ್ಖಾನೆಯ ಕೆಲಸ ಗುರಿಯಾಗಿದ್ದರೆ ಎಲೆಕ್ಟ್ರಿಷಿಯನ್ ಟ್ರೇಡ್ ಸೂಕ್ತ.

ಎರಡು ವರ್ಷದಲ್ಲಿ ಏನು ಕಲಿಸುತ್ತಾರೆ?

2022ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದ ಪ್ರಕಾರ ವರ್ಷಕ್ಕೆ 1,200 ಗಂಟೆಗಳ ತರಬೇತಿ. ಅದರಲ್ಲಿ 840 ಗಂಟೆ ವರ್ಕ್‌ಶಾಪ್‌ನಲ್ಲೇ ಕಳೆಯಬೇಕು. ಉಳಿದದ್ದು ಥಿಯರಿ ಮತ್ತು ಉದ್ಯೋಗ ಕೌಶಲ. ಇದರ ಜೊತೆ ವರ್ಷಕ್ಕೆ 150 ಗಂಟೆ ಕೆಲಸದ ಸ್ಥಳದಲ್ಲಿ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್ ಇರುತ್ತದೆ. ಅಂದರೆ ಇದು ಬೆಂಚ್ ಮೇಲೆ ಕುಳಿತು ನೋಟ್ಸ್ ಬರೆಯುವ ಕೋರ್ಸ್ ಅಲ್ಲ, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿಯುವ ಕೋರ್ಸ್.

ಮೊದಲ ವರ್ಷ: ಆರಂಭವೇ ಸುರಕ್ಷತೆಯಿಂದ. ಬೆಂಕಿ ನಂದಿಸುವುದು, ಶಾಕ್ ಹೊಡೆದವರಿಗೆ ಪ್ರಥಮ ಚಿಕಿತ್ಸೆ, ಕೃತಕ ಉಸಿರಾಟ ಮೊದಲಿಗೆ ಬರುತ್ತವೆ. ನಂತರ ಹ್ಯಾಕ್ಸಾ, ಫೈಲ್, ಡ್ರಿಲ್ ಬಳಕೆ, ತಂತಿಯ ಸಿಪ್ಪೆ ತೆಗೆಯುವುದು, ಜಾಯಿಂಟ್ ಹಾಕುವುದು, ಬೆಸುಗೆ. ಓಮ್‌ನ ನಿಯಮ, ಎಸಿ ಸರ್ಕ್ಯೂಟ್, ಬ್ಯಾಟರಿ, ಮನೆ ವೈರಿಂಗ್, ಅರ್ಥಿಂಗ್, ಮೀಟರ್‌ಗಳು, ಟ್ರಾನ್ಸ್‌ಫಾರ್ಮರ್ ಈ ವರ್ಷದ ಮುಖ್ಯ ಪಾಠಗಳು.

ಎರಡನೇ ವರ್ಷ: ಡಿಸಿ ಯಂತ್ರಗಳು, ಸಿಂಗಲ್ ಫೇಸ್ ಮತ್ತು ತ್ರೀ ಫೇಸ್ ಮೋಟಾರ್, ಆಲ್ಟರ್ನೇಟರ್, ಮೋಟಾರ್ ವೈಂಡಿಂಗ್, ಕಂಟ್ರೋಲ್ ಪ್ಯಾನೆಲ್ ವೈರಿಂಗ್, ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್, ಯುಪಿಎಸ್, ಇನ್ವರ್ಟರ್, ಭೂಗತ ಕೇಬಲ್, ರಿಲೇ, ಸರ್ಕ್ಯೂಟ್ ಬ್ರೇಕರ್. ಸೌರ ವಿದ್ಯುತ್ ಮತ್ತು ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರದ ಪಾಠಗಳೂ ಸೇರಿವೆ.

ಕಾರ್ಖಾನೆಗೆ ಹೋಗುವವರಿಗೆ ಎರಡನೇ ವರ್ಷದ ಪ್ಯಾನೆಲ್ ಪಾಠಗಳೇ ಬಂಡವಾಳ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಉದಾಹರಣೆ ನೋಡಿ. ದೊಡ್ಡ ಮೋಟಾರನ್ನು ನೇರವಾಗಿ ಲೈನ್‌ಗೆ ಕೊಟ್ಟರೆ ಆರಂಭದ ಕ್ಷಣದಲ್ಲಿ ಅದು ಸಾಮಾನ್ಯಕ್ಕಿಂತ ಸುಮಾರು ಆರರಿಂದ ಎಂಟು ಪಟ್ಟು ಕರೆಂಟ್ ಎಳೆಯುತ್ತದೆ. ಮೊದಲು ಸ್ಟಾರ್ ಜೋಡಣೆಯಲ್ಲಿ ಚಾಲೂ ಮಾಡಿದರೆ ಲೈನ್ ಕರೆಂಟ್ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ವೇಗ ಬಂದ ಮೇಲೆ ಡೆಲ್ಟಾಗೆ ಬದಲಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದವರಿಗೂ, ಮೂರು ಕಾಂಟ್ಯಾಕ್ಟರ್ ಮತ್ತು ಒಂದು ಟೈಮರ್ ಇಟ್ಟುಕೊಂಡು ತಾವೇ ವೈರಿಂಗ್ ಮಾಡಿದವರಿಗೂ ಇರುವ ವ್ಯತ್ಯಾಸ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ.

ಪಾಸಾಗಲು ಎಷ್ಟು ಅಂಕ ಬೇಕು? ಪ್ರಾಯೋಗಿಕ ಪರೀಕ್ಷೆಯಲ್ಲಿ ಶೇ. 60, ಉಳಿದ ವಿಷಯಗಳಲ್ಲಿ ಶೇ. 33. ಥಿಯರಿ ಪರೀಕ್ಷೆ ಕಂಪ್ಯೂಟರ್ ಮೂಲಕ ನಡೆಯುತ್ತದೆ. ಪಠ್ಯಪುಸ್ತಕಗಳನ್ನು ಚೆನ್ನೈನಲ್ಲಿರುವ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತದೆ. 'ಭಾರತ್ ಸ್ಕಿಲ್ಸ್' ಪೋರ್ಟಲ್‌ನಲ್ಲಿ ಪ್ರಶ್ನೆ ಬ್ಯಾಂಕ್ ಕೂಡ ಸಿಗುತ್ತದೆ.

ಸುರಕ್ಷತೆ: ಈ ಕೆಲಸದಲ್ಲಿ ಎರಡನೇ ಅವಕಾಶ ಇಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳ ಪ್ರಕಾರ ದೇಶದಲ್ಲಿ ವಿದ್ಯುತ್ ಆಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಇವರಲ್ಲಿ ಎಲ್ಲರೂ ಎಲೆಕ್ಟ್ರಿಷಿಯನ್‌ಗಳಲ್ಲ. ಹೊಲದಲ್ಲಿ ತುಂಡಾದ ತಂತಿ ತುಳಿದ ರೈತರು, ಅರ್ಥಿಂಗ್ ಇಲ್ಲದ ಗೀಸರ್ ಮುಟ್ಟಿದವರು, ಬಟ್ಟೆ ಒಣಹಾಕುವ ತಂತಿ ಹಿಡಿದ ಗೃಹಿಣಿಯರೂ ಹೀಗೆ ಪ್ರಾಣ ಕಳೆದುಕೊಳ್ಳುತ್ತಾರೆ. ಅಂದರೆ ಒಬ್ಬ ಎಲೆಕ್ಟ್ರಿಷಿಯನ್ ಸರಿಯಾಗಿ ಕಲಿತಿದ್ದಾನೋ ಇಲ್ಲವೋ ಎಂಬುದು ಅವನೊಬ್ಬನ ಪ್ರಶ್ನೆಯಲ್ಲ. ಅವನು ವೈರಿಂಗ್ ಮಾಡಿದ ಮನೆಯವರ ಪ್ರಶ್ನೆಯೂ ಹೌದು.

ಮನೆಗೆ ಬರುವುದು 230 ವೋಲ್ಟ್. ಕಾರ್ಖಾನೆಯ ತ್ರೀ ಫೇಸ್ ಲೈನ್‌ನಲ್ಲಿ 415 ವೋಲ್ಟ್. ಹೃದಯದ ಬಡಿತ ತಪ್ಪಿಸಲು ಒಂದು ಆಂಪಿಯರ್‌ನ ಸಣ್ಣ ಭಾಗವೇ ಸಾಕು. ಅದಕ್ಕೇ ಮನೆಗಳಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಬೇಕು ಎನ್ನುವುದು. ಎಂಸಿಬಿ ಇದ್ದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಎಂಸಿಬಿ ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ಕಾಪಾಡುತ್ತದೆ. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್.

ಕಾರ್ಖಾನೆಯಲ್ಲಿ ಪ್ಯಾನೆಲ್ ಮುಟ್ಟುವ ಮೊದಲು ಪಾಲಿಸಬೇಕಾದ ಕ್ರಮ ಹೀಗಿದೆ:

1. ಎಲ್ಲ ಕಡೆಯಿಂದಲೂ ಸಪ್ಲೈ ಬಂದ್ ಮಾಡುವುದು
2. ಸ್ವಿಚ್‌ಗೆ ಬೀಗ ಹಾಕಿ, ಕೆಲಸ ಮಾಡುವವರ ಹೆಸರಿನ ಟ್ಯಾಗ್ ತೂಗುಹಾಕುವುದು
3. ಕರೆಂಟ್ ಇಲ್ಲ ಎಂಬುದನ್ನು ಮೀಟರ್‌ನಿಂದ ಖಚಿತಪಡಿಸಿಕೊಳ್ಳುವುದು
4. ಅಗತ್ಯವಿರುವಲ್ಲಿ ಲೈನನ್ನು ಅರ್ಥ್ ಮಾಡುವುದು
5. ಪಕ್ಕದ ಜೀವಂತ ಭಾಗಗಳಿಗೆ ತಡೆ ಹಾಕುವುದು

ಮೂರನೇ ಹಂತದಲ್ಲಿ ಒಂದು ಸೂಕ್ಷ್ಮವಿದೆ. ಮೀಟರ್ ಸೊನ್ನೆ ತೋರಿಸಿದರೆ ಸಾಲದು, ಮೀಟರ್ ಸರಿಯಿದೆಯೇ ಎಂಬುದನ್ನು ಕರೆಂಟ್ ಇರುವ ಇನ್ನೊಂದು ಕಡೆ ಮೊದಲೇ ಪರೀಕ್ಷಿಸಿರಬೇಕು. ಕೆಲಸ ಮುಗಿದ ಮೇಲೆ ಬೀಗ ಹಾಕಿದವರೇ ಬೀಗ ತೆಗೆಯಬೇಕು. ಒಳ್ಳೆಯ ಬೋಧಕರು ಈ ಅಭ್ಯಾಸವನ್ನು ಮೊದಲ ವಾರದಿಂದಲೇ ರೂಢಿಸುತ್ತಾರೆ.

ಐಟಿಐ ಆಯ್ಕೆ ಮಾಡುವಾಗ ಏನು ನೋಡಬೇಕು?

ಎಲ್ಲ ಐಟಿಐಗಳೂ ಒಂದೇ ರೀತಿ ಇರುವುದಿಲ್ಲ. ಹಾಜರಾತಿ ಪುಸ್ತಕದಲ್ಲಿ ಮಾತ್ರ ತರಗತಿ ನಡೆಯುವ ಕಡೆ ಸೇರಿದರೆ ಪ್ರಮಾಣಪತ್ರ ಸಿಗಬಹುದು, ಕೆಲಸ ಬರುವುದಿಲ್ಲ. ಶುಲ್ಕ ಕಟ್ಟುವ ಮೊದಲು ಇವನ್ನು ಪರಿಶೀಲಿಸಿ:

* ಮಾನ್ಯತೆ: ಸಂಸ್ಥೆಗೆ ಮಾತ್ರವಲ್ಲ, ಎಲೆಕ್ಟ್ರಿಷಿಯನ್ ಟ್ರೇಡ್‌ಗೇ ಮಾನ್ಯತೆ ಇದೆಯೇ ಎಂಬುದನ್ನು ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲ್‌ನಲ್ಲಿ ನೋಡಿ
* ವರ್ಕ್‌ಶಾಪ್: ಒಮ್ಮೆ ಒಳಗೆ ಹೋಗಿ ನೋಡಿ. ಮೋಟಾರ್‌ಗಳು ತಿರುಗುವ ಸ್ಥಿತಿಯಲ್ಲಿವೆಯೇ, ಧೂಳು ಹಿಡಿದಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ
* ಬೋಧಕರು: ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಪ್ರತ್ಯೇಕ ಬೋಧಕರು ಇದ್ದಾರೆಯೇ ಕೇಳಿ
* ಹಳೆಯ ವಿದ್ಯಾರ್ಥಿಗಳು: ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಇದಕ್ಕಿಂತ ನಂಬಿಕೆಯ ಜಾಹೀರಾತು ಇಲ್ಲ

ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲಾಗಿದೆ. ಕೇಂದ್ರ ಸರ್ಕಾರವೂ ದೇಶದ 1,000 ಸರ್ಕಾರಿ ಐಟಿಐಗಳನ್ನು ಆಧುನೀಕರಿಸಲು 60,000 ಕೋಟಿ ರೂಪಾಯಿಯ 'ಪಿಎಂ ಸೇತು' ಯೋಜನೆಯನ್ನು 2025ರಲ್ಲಿ ಆರಂಭಿಸಿದೆ. ನಿಮ್ಮ ಹತ್ತಿರದ ಸರ್ಕಾರಿ ಐಟಿಐ ಈ ಪಟ್ಟಿಗಳಲ್ಲಿ ಇದೆಯೇ ಎಂದು ಕೇಳಿ ತಿಳಿಯಿರಿ.

ಅಪ್ರೆಂಟಿಸ್‌ಶಿಪ್: ನಿಜವಾದ ಕಲಿಕೆ ಇಲ್ಲಿ

ಐಟಿಐ ಮುಗಿದ ತಕ್ಷಣ ಕಾಯಂ ಕೆಲಸ ಹುಡುಕುವುದಕ್ಕಿಂತ ಒಂದು ವರ್ಷ ಅಪ್ರೆಂಟಿಸ್ ಆಗುವುದು ಲಾಭದಾಯಕ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ತಮ್ಮ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಗುತ್ತಿಗೆ ಕಾರ್ಮಿಕರೂ ಈ ಲೆಕ್ಕಕ್ಕೆ ಸೇರುತ್ತಾರೆ. ಶೇಂದ್ರಾದಂಥ ಕಡೆ ಅವಕಾಶ ಹುಟ್ಟುವುದು ಈ ನಿಯಮದಿಂದಲೇ.

ಅರ್ಜಿ ಹಾಕಬೇಕಾದದ್ದು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ. ಊರು, ಟ್ರೇಡ್ ಆಧರಿಸಿ ಹುಡುಕಬಹುದು. ಆಯ್ಕೆಯಾದರೆ ಒಪ್ಪಂದ ಪೋರ್ಟಲ್‌ನಲ್ಲೇ ನೋಂದಣಿಯಾಗುತ್ತದೆ. ಅವಧಿ ಮುಗಿದ ಮೇಲೆ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ.

2019ರ ತಿದ್ದುಪಡಿ ನಿಯಮಗಳಲ್ಲಿ ಐಟಿಐ ಪ್ರಮಾಣಪತ್ರ ಇರುವವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ನಿಗದಿಯಾಗಿತ್ತು. ಇದನ್ನು ಶೇ. 36ರಷ್ಟು ಏರಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಸಹಿ ಹಾಕುವ ಮೊದಲು ಒಪ್ಪಂದದಲ್ಲಿರುವ ಮೊತ್ತವನ್ನು ಓದಿ. ಕನಿಷ್ಠಕ್ಕಿಂತ ಹೆಚ್ಚು ಕೊಡಲು ಕಂಪನಿಗಳಿಗೆ ಯಾವ ಅಡ್ಡಿಯೂ ಇಲ್ಲ.

ಬೇರೆ ಊರಿನಲ್ಲಿ ಬಾಡಿಗೆ ಕೋಣೆ ಮಾಡಿ, ಊಟ, ಓಡಾಟ ಎಲ್ಲವನ್ನೂ ಈ ಹಣದಲ್ಲೇ ನಡೆಸುವುದು ಸುಲಭವಲ್ಲ. ಕಂಪನಿ ಬಸ್ ಮತ್ತು ಕ್ಯಾಂಟೀನ್ ಸೌಲಭ್ಯ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಕೇಳುವುದು ಮುಖ್ಯ. ಇವೆರಡೂ ಇದ್ದರೆ ತಿಂಗಳ ಕೊನೆಗೆ ಕೈಯಲ್ಲಿ ಏನಾದರೂ ಉಳಿಯುತ್ತದೆ.

ಅಪ್ರೆಂಟಿಸ್ ಹಕ್ಕುಗಳು ತಿಳಿದಿರಲಿ

* ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಹಾಗಾಗಿ ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ
* ಆದರೆ ಕೆಲಸದ ವೇಳೆ ಅವಘಡವಾದರೆ ಪರಿಹಾರ ಕೊಡುವ ಹೊಣೆ ಕಂಪನಿಯದು
* ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ
* ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ನಿಯಮವಿಲ್ಲ. ಪ್ರತಿ ಕಂಪನಿಯೂ ತನ್ನದೇ ನೇಮಕಾತಿ ನೀತಿ ಹೊಂದಿರುತ್ತದೆ

ಕೊನೆಯ ಅಂಶದ ಬಗ್ಗೆ ಕುಟುಂಬದವರಿಗೂ ಸ್ಪಷ್ಟತೆ ಇರಬೇಕು. 'ಕಂಪನಿ ಸೇರಿದ' ಎಂದು ಊರಲ್ಲಿ ಸುದ್ದಿಯಾದ ಮಗ ಒಂದು ವರ್ಷಕ್ಕೆ ವಾಪಸ್ ಬಂದರೆ ಅದು ಸೋಲಲ್ಲ. ಕಾರ್ಖಾನೆಯ ಅನುಭವ ಮತ್ತು ಎರಡನೇ ಪ್ರಮಾಣಪತ್ರ ಅವನ ಕೈಯಲ್ಲಿರುತ್ತದೆ. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವ ಏಜೆಂಟರಿಂದ ಮಾತ್ರ ದೂರವಿರಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಪ್ರಮಾಣಪತ್ರ ಬೇರೆ, ಪರ್ಮಿಟ್ ಬೇರೆ

ಐಟಿಐ ಪಾಸಾದ ಮಾತ್ರಕ್ಕೆ ಸ್ವತಂತ್ರವಾಗಿ ಕಟ್ಟಡದ ವೈರಿಂಗ್ ಗುತ್ತಿಗೆ ಹಿಡಿಯಲು ಆಗುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಇಂಥ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕರ ಎದುರು, ಪರ್ಮಿಟ್ ಇರುವವರೇ ಮಾಡಬೇಕು. ಈ ಪರ್ಮಿಟ್ ಕೊಡುವುದು ರಾಜ್ಯ ಸರ್ಕಾರ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ವೈರ್‌ಮನ್ ಮತ್ತು ಸೂಪರ್‌ವೈಸರ್ ಪರ್ಮಿಟ್ ಪಡೆಯಬಹುದು. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಪರವಾನಗಿ ಮಂಡಳಿಯಲ್ಲಿ ವಿಚಾರಿಸಬೇಕು.

ಮುಂದಿನ ದಾರಿಗಳು

* ರೈಲ್ವೆ: ಸಹಾಯಕ ಲೋಕೊ ಪೈಲಟ್ ಹುದ್ದೆಗೆ 10ನೇ ತರಗತಿ ಜೊತೆ ಐಟಿಐ ಎಲೆಕ್ಟ್ರಿಷಿಯನ್ ಕೂಡ ಅರ್ಹತೆ. ತಂತ್ರಜ್ಞ ಹುದ್ದೆಗಳೂ ಇವೆ
* ವಿದ್ಯುತ್ ಕಂಪನಿಗಳು: ಮಹಾರಾಷ್ಟ್ರದ ಮಹಾವಿತರಣದಲ್ಲಿ ವಿದ್ಯುತ್ ಸಹಾಯಕ ಹುದ್ದೆಗೆ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ಐಟಿಐ ಬೇಕು. ಕರ್ನಾಟಕದ ಕಿರಿಯ ಪವರ್‌ಮ್ಯಾನ್ ಹುದ್ದೆಗೆ 2024ರ ಅಧಿಸೂಚನೆಯಲ್ಲಿ ಎಸ್‌ಎಸ್‌ಎಲ್‌ಸಿ ಸಾಕಿತ್ತು, ಕಂಬ ಹತ್ತುವ ಪರೀಕ್ಷೆ ಕಡ್ಡಾಯವಾಗಿತ್ತು
* ಡಿಪ್ಲೊಮಾ: ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು
* ಬೋಧಕ ವೃತ್ತಿ: ಬೆಂಗಳೂರಿನ ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆಯಂಥ ಕಡೆ ಒಂದು ವರ್ಷದ ಬೋಧಕ ತರಬೇತಿ ಪಡೆದು ಐಟಿಐ ಬೋಧಕರಾಗಬಹುದು
* ಸ್ವಂತ ಉದ್ಯೋಗ: ಪರ್ಮಿಟ್ ಪಡೆದು ವೈರಿಂಗ್, ಮೋಟಾರ್ ರಿವೈಂಡಿಂಗ್, ಸೌರ ಫಲಕ ಅಳವಡಿಕೆ

ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿತದಲ್ಲಿ ಹಿಂದಿದ್ದರೆ ಈ ಟ್ರೇಡ್ ಕಷ್ಟವೇ?
ಗುಣಾಕಾರ, ಭಾಗಾಕಾರ, ಶೇಕಡಾವಾರು, ಸರಳ ಸೂತ್ರಗಳು ಬಂದರೆ ನಿಭಾಯಿಸಬಹುದು. ಸರ್ಕ್ಯೂಟ್ ಚಿತ್ರ ಓದುವ ಅಭ್ಯಾಸ ಅದಕ್ಕಿಂತ ಮುಖ್ಯ.

ಮರಾಠಿ ಬಾರದಿದ್ದರೆ ಶೇಂದ್ರಾದಲ್ಲಿ ಕೆಲಸ ಸಿಗುತ್ತದೆಯೇ?
ಪ್ರಮಾಣಪತ್ರಕ್ಕೆ ಭಾಷೆ ಅಡ್ಡಿಯಲ್ಲ. ಆದರೆ ಶಾಪ್ ಫ್ಲೋರ್‌ನಲ್ಲಿ ನಡೆಯುವುದು ಮರಾಠಿ, ಹಿಂದಿ. ಪ್ಯಾನೆಲ್ ಬಳಿ ಸಹೋದ್ಯೋಗಿ 'ಬಂದ್ ಮಾಡು' ಎಂದು ಕೂಗಿದ್ದು ತಕ್ಷಣ ಅರ್ಥವಾಗಬೇಕು. ಹೋಗುವ ಮೊದಲು ಕೆಲಸದ ಮಾತುಗಳನ್ನಾದರೂ ಕಲಿಯಿರಿ.

ಬೇರೆಯವರ ಕೈಕೆಳಗೆ ಕೆಲಸ ಕಲಿತವರು ಪ್ರಮಾಣಪತ್ರ ಪಡೆಯಬಹುದೇ?
ಹೌದು. ಹಿಂದಿನ ಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ್ಯಾಭಿವೃದ್ಧಿ ಯೋಜನೆಗಳಲ್ಲಿದೆ. ಹತ್ತಿರದ ಸರ್ಕಾರಿ ಐಟಿಐ ಅಥವಾ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಆದರೆ ಅದು ಎರಡು ವರ್ಷದ ಐಟಿಐ ಪ್ರಮಾಣಪತ್ರಕ್ಕೆ ಸಮವಲ್ಲ.

ಕರ್ನಾಟಕದಲ್ಲೇ ಕಂಪನಿ ನಡೆಸುವ ತರಬೇತಿ ಇದೆಯೇ?
ಇದೆ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ರಾಜ್ಯದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಮೂರು ವರ್ಷದ ವಸತಿ ಸಹಿತ ತರಬೇತಿ ನೀಡುತ್ತಿದೆ. ಮೆಕಾಟ್ರಾನಿಕ್ಸ್ ಅದರಲ್ಲೊಂದು ವಿಭಾಗ.

ಕಾರ್ಖಾನೆ ಶೇಂದ್ರಾದಲ್ಲಿರಲಿ, ಬಿಡದಿಯಲ್ಲಿರಲಿ, ಯಂತ್ರ ನಿಂತಾಗ ಎಲ್ಲರೂ ಕಾಯುವುದು ಎಲೆಕ್ಟ್ರಿಷಿಯನ್‌ಗಾಗಿ. ಆ ಹೊತ್ತಿನಲ್ಲಿ ಅವಸರ ಮಾಡದೆ, ಮೊದಲು ಬೀಗ ಹಾಕಿ, ಮೀಟರ್ ಹಿಡಿದು ನೋಡುವವರೇ ಈ ಕೆಲಸದಲ್ಲಿ ಬಹುಕಾಲ ಉಳಿಯುತ್ತಾರೆ. ಸೇರುವ ಐಟಿಐನಲ್ಲಿ ಅದನ್ನು ಕಲಿಸುತ್ತಾರೆಯೇ ಎಂಬುದನ್ನು ನೋಡಿಯೇ ಅರ್ಜಿ ತುಂಬಿ.